ಕೋರ್ಟಿನ ಕಡತ ಯಾರ ಸೊತ್ತು?

ಹೋದ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ಬಂದಳಿಕೆಯ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಎಂಟು ತಿಂಗಳ ಹಿಂದೆ ಆತ ಪಾಳಿ ಮುಗಿಸಿ ಸೈಕಲ್ಲಿನ ಮೇಲೆ ಊರಿಗೆ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಕಾರು ಹೊಡೆದು ಕಾಲು ಮುರಿಯಿತು. ಕಾರಿನವನ ಬಾಯಿಂದ ಹೆಂಡದ ನಾತ ಬರುತ್ತಿತ್ತೆಂದು ಸುತ್ತ ನೆರೆದವರೆಲ್ಲ ಹೇಳಿದರು. ಪೊಲೀಸರು ಬಂದರು, ಬರೆದುಕೊಂಡರು, ಹೋದರು. “ಆ ಕೇಸು ಏನಾಯ್ತು ಮೇಷ್ಟ್ರೇ?” ಎಂಬುದಷ್ಟೇ ಆಕೆಯ ಪ್ರಶ್ನೆ. ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿದು ವರ್ಷಗಳಾದರೂ ಊರವರಿಗೆ ನಾವಿನ್ನೂ ಮೇಷ್ಟ್ರೇ.

ಪ್ರಶ್ನೆ ಸಣ್ಣದು. ಉತ್ತರ ಹುಡುಕುವುದಕ್ಕೆ ನಮಗೆ ಐದು ವಾರ ಹಿಡಿಯಿತು. ಒಂದು ಕಚೇರಿಯವರು ಇನ್ನೊಂದು ಕಚೇರಿಯ ದಾರಿ ತೋರಿಸಿದರು. ಕೊನೆಗೊಂದು ಕಡೆ ಗುಮಾಸ್ತರು “ನೀವು ಪಾರ್ಟಿಯೇ?” ಎಂದು ಕೇಳಿದರು. ಪಾರ್ಟಿಯವರೇ ಎಂದೆವು. “ಆ ಪಾರ್ಟಿಯಲ್ಲ ಸ್ವಾಮಿ, ಕೇಸಿನ ಪಾರ್ಟಿ” ಎಂದು ನಕ್ಕರು. ಆ ಗುಮಾಸ್ತರ ಮೇಲೆ ನಮಗೆ ಕೋಪವಿಲ್ಲ. ಅವರೂ ಸಂಬಳಕ್ಕೆ ದುಡಿಯುವವರೇ. ಆದರೆ ಅವರ ಪ್ರಶ್ನೆಯೊಳಗೆ ಇಡೀ ವ್ಯವಸ್ಥೆಯ ಮರ್ಮ ಅಡಗಿದೆ. ಕ್ರಿಮಿನಲ್ ಕೇಸಿನಲ್ಲಿ ಒಂದು ಕಡೆಗೆ ಸರ್ಕಾರ, ಇನ್ನೊಂದು ಕಡೆಗೆ ಆರೋಪಿ. ಕಾಲು ಮುರಿದುಕೊಂಡವನು ಬರೀ ಸಾಕ್ಷಿ. ಸಾಕ್ಷಿಯ ಹೆಂಡತಿಗೆ ಅಲ್ಲಿ ನಿಲ್ಲಲು ಜಾಗವೇ ಇಲ್ಲ. ಸರ್ಕಾರ ಎಂದರೆ ಪ್ರಜೆಗಳೆಂದು ಹಿಂದೆ ನಾವು ಮಕ್ಕಳಿಗೆ ಪಾಠ ಹೇಳಿದ್ದೆವು. ಹಾಗಾದರೆ ಪ್ರಜೆಗಳ ಹೆಸರಿನಲ್ಲಿ ನಡೆಯುವ ಕೇಸಿನ ಕಡತ ಪ್ರಜೆಗಳ ಕಣ್ಣಿಗೆ ಏಕೆ ಬೀಳಕೂಡದು?

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಇಟ್ಟುಕೊಂಡು ವಾಹನ ಓಡಿಸುವುದು ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಮೊದಲ ತಪ್ಪಿಗೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ಅಥವಾ ಎರಡು ವರ್ಷದವರೆಗೆ ಸಜೆ. ಹೆಲ್ಮೆಟ್ಟಿಲ್ಲದವನಂತೆ ಇವನು ರಸ್ತೆಯಲ್ಲೇ ದಂಡ ತೆತ್ತು ಹೋಗುವಂತಿಲ್ಲ, ನ್ಯಾಯಸ್ಥಾನಕ್ಕೆ ಬರಲೇಬೇಕು. ರಸ್ತೆಯಲ್ಲಿ ಕೈಬದಲಾದ ಹಣಕ್ಕೆ ದಂಡವೆಂಬ ಹೆಸರಿಲ್ಲ, ಅದಕ್ಕೆ ಲಂಚವೆನ್ನುತ್ತಾರೆ. ಹೀಗಾಗಿ ಕಾನೂನು ನೆಟ್ಟಗೆ ನಡೆದರೆ ಇಂಥ ಪ್ರತಿಯೊಂದು ಪ್ರಕರಣಕ್ಕೂ ಕೋರ್ಟಿನಲ್ಲಿ ಒಂದು ದಾಖಲೆ ಇದ್ದೇ ಇರಬೇಕು.

ಇನ್ನೊಂದು ಮಾತುಂಟು, ಅದನ್ನು ಕಾರಿನವರು ಹೇಳುವುದಿಲ್ಲ. ಅದೇ ಕಾಯಿದೆಯ 20ನೆಯ ಕಲಮಿನಂತೆ, ಕುಡಿದು ಓಡಿಸಿದ ಅಪರಾಧ ರುಜುವಾತಾದವನನ್ನು ಕೋರ್ಟು ಕನಿಷ್ಠ ಆರು ತಿಂಗಳು ಲೈಸೆನ್ಸಿಗೆ ಅನರ್ಹನೆಂದು ಮಾಡತಕ್ಕದ್ದು. ಬಾಡಿಗೆ ಟೆಂಪೋ ಓಡಿಸುವವನಿಗೆ ಆರು ತಿಂಗಳ ಲೈಸೆನ್ಸು ಹೋಯಿತೆಂದರೆ ಒಲೆ ಆರಿತೆಂದೇ ಅರ್ಥ. ಕಾರಿನ ಧಣಿಗೆ ಡ್ರೈವರನೊಬ್ಬನನ್ನು ಇಟ್ಟುಕೊಂಡರೆ ಮುಗಿಯಿತು. ಹತ್ತು ಸಾವಿರ ಒಬ್ಬನಿಗೆ ತಿಂಗಳ ಕೂಲಿ, ಇನ್ನೊಬ್ಬನಿಗೆ ಒಂದು ಸಂಜೆಯ ಖರ್ಚು. ಶಿಕ್ಷೆ ಹೀಗೆ ಒಂದೇ ಆದರೂ ಹೊರೆ ಒಂದೇ ಅಲ್ಲ. ಹೋಗಲಿ, ಆ ಶಿಕ್ಷೆಯಾದರೂ ಇಬ್ಬರಿಗೂ ಆಗುತ್ತಿದೆಯೇ? ಶಿಕಾರಿಪುರದಲ್ಲಿ, ಸೊರಬದಲ್ಲಿ ಎಷ್ಟು ಕಾರುಗಳವರ ಲೈಸೆನ್ಸು ಹೋಯಿತು, ಎಷ್ಟು ಟೆಂಪೋಗಳವರದು ಹೋಯಿತು? ಕಡತ ತೆರೆದು ಎಣಿಸಿದರೆ ಮಾತ್ರ ಗೊತ್ತಾಗುವ ಸಂಗತಿ ಇದು. ಎಣಿಸಲು ಬಿಡದಿದ್ದರೆ ಸಮಾನ ನ್ಯಾಯವೆಂಬುದನ್ನು ನಾವು ನಂಬಬೇಕೇ ಹೊರತು ನೋಡುವ ಹಾಗಿಲ್ಲ.

1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದಾಗ ಜಗಳದ ಬುಡದಲ್ಲಿದ್ದದ್ದು ಭತ್ತ ಅಳೆಯುವ ಕೊಳಗ. ಅಳತೆ ಧಣಿಯ ಕೈಯಲ್ಲಿದ್ದರೆ ಒಕ್ಕಲಿನ ಪಾಲು ಕರಗುತ್ತದೆಂಬುದನ್ನು ಈ ಜಿಲ್ಲೆಗೆ ಬೇರೆಯವರು ಕಲಿಸಬೇಕಿಲ್ಲ. ನ್ಯಾಯಕ್ಕೂ ಒಂದು ಕೊಳಗವಿದೆ. ಅದೇ ದಾಖಲೆ.

“ನ್ಯಾಯಸ್ಥಾನದ ಬಾಗಿಲು ತೆರೆದೇ ಇದೆಯಲ್ಲ, ಎಲ್ಲವೂ ಕಂಪ್ಯೂಟರಿನಲ್ಲೂ ಇದೆಯಲ್ಲ” ಎನ್ನುವ ಮಹಾಶಯರಿದ್ದಾರೆ. ಇದೆ, ಸುಳ್ಳೆನ್ನುವುದಿಲ್ಲ. ಕ್ರಿಮಿನಲ್ ವಿಚಾರಣೆ ಬಹಿರಂಗವಾಗಿ ನಡೆಯಬೇಕೆಂದು ಕಾನೂನೇ ಹೇಳುತ್ತದೆ. ಇ-ಕೋರ್ಟ್ಸ್ ಎಂಬ ಸರ್ಕಾರಿ ತಾಣದಲ್ಲಿ ರಾಜ್ಯ, ಜಿಲ್ಲೆ, ಕೋರ್ಟು ಆರಿಸಿಕೊಂಡು, ಪಕ್ಷಗಾರರ ಹೆಸರು, ಕೇಸಿನ ಸಂಖ್ಯೆ, ಇಲ್ಲವೇ ಠಾಣೆಯ ಎಫ್‌ಐಆರ್ ಸಂಖ್ಯೆ ಹಾಕಿ ಹುಡುಕಬಹುದು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯೊಂದುಂಟು. ಅದು ಕೈಯಲ್ಲಿದ್ದರೆ ಮುಂದಿನ ತಾರೀಖು ಯಾವುದು, ಕೇಸು ಇತ್ಯರ್ಥವಾಯಿತೇ ಎಂಬುದು ತಿಳಿಯುತ್ತದೆ. ಆದರೆ ಆ ಹಮಾಲಿಯ ಹೆಂಡತಿಗೆ ಕಾರಿನವನ ಹೆಸರೂ ಗೊತ್ತಿರಲಿಲ್ಲ, ಎಫ್‌ಐಆರ್ ಸಂಖ್ಯೆಯೂ ಗೊತ್ತಿರಲಿಲ್ಲ. ಬೀಗದ ಕೈ ಇದ್ದವನಿಗೆ ಮಾತ್ರ ತೆರೆಯುವ ಬಾಗಿಲನ್ನು ತೆರೆದ ಬಾಗಿಲೆನ್ನುವುದು ಹೇಗೆ?

ಇನ್ನು ತೀರ್ಪಿನ ನಕಲು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದೆಂದು ನಾವೂ ನಂಬಿದ್ದೆವು. 2020ರ ಮಾರ್ಚಿಯಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ದಾರಿಯನ್ನು ಮುಚ್ಚಿತು. ಕೋರ್ಟಿನ ಕಡತದ ನಕಲು ಬೇಕಾದವರು ಕೋರ್ಟಿನ ನಿಯಮದಂತೆಯೇ ಕೇಳಬೇಕು, ಹೊರಗಿನವನಾದರೆ ಏಕೆ ಬೇಕೆಂದು ಕಾರಣ ಬರೆದುಕೊಡಬೇಕು ಎಂಬುದು ಆ ತೀರ್ಪಿನ ಸಾರ. ಕಾರಣ ಬರೆಯಬಲ್ಲವನು ವಕೀಲನನ್ನು ಇಟ್ಟವನು. ಹಮಾಲಿ ಏನು ಬರೆಯಬೇಕು? “ಕಾಲು ನನ್ನದು” ಎಂದೇ?

ಐದು ವಾರದ ಮೇಲೆ ನಮಗೆ ಸಿಕ್ಕಿದ್ದೇನು? ಕೇಸು ದಾಖಲಾಗಿತ್ತು, ಅಜಾಗರೂಕತೆಯ ಚಾಲನೆಯೆಂದು. 185ನೆಯ ಕಲಮಿನ ಸುಳಿವೇ ಇರಲಿಲ್ಲ. ಉಸಿರು ಪರೀಕ್ಷೆಯ ಮಾತಿಲ್ಲ, ರಕ್ತ ಪರೀಕ್ಷೆಯ ಮಾತಿಲ್ಲ. ಈ ಅಪರಾಧಕ್ಕೆ ಹಿಡಿದವನನ್ನು ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು ಎಂದು ಕಾಯಿದೆ ಹೇಳುತ್ತದೆ. ಎರಡು ಗಂಟೆಯಲ್ಲಿ ಹಿಡಿಯಬೇಕಾದ ಸತ್ಯವನ್ನು ಎಂಟು ತಿಂಗಳ ಮೇಲೆ ಯಾವ ಸೀಸೆಯಲ್ಲಿ ಹುಡುಕೋಣ? ಮರುದಿನವೇ ಆ ಕಾಗದ ಆಕೆಯ ಕೈಗೆ ಬಂದಿದ್ದರೆ ಊರವರನ್ನು ಕರೆದುಕೊಂಡು ಠಾಣೆಯ ಮುಂದೆ ನಿಲ್ಲಬಹುದಿತ್ತು.

ದೇಶದ ಲೆಕ್ಕವೂ ಇದೇ ಕಥೆ ಹೇಳುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದರಲ್ಲಿ ಕುಡಿತದ ಖಾತೆಗೆ ಬಿದ್ದದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ. ಮಿಕ್ಕವುಗಳ ಬಹುಪಾಲು ‘ಅತಿವೇಗ’ದ ಖಾತೆಗೆ. ರಾತ್ರಿ ಹೆದ್ದಾರಿಯ ಬದಿಯ ಅಂಗಡಿಗಳನ್ನು ಕಂಡ ಯಾವನಾದರೂ ಈ ಲೆಕ್ಕವನ್ನು ನಂಬುವನೇ? ಪುಣೆಯಲ್ಲಿ 2024ರ ಮೇ 19ರಂದು ಭಾರಿ ಬೆಲೆಯ ಕಾರೊಂದು ಇಬ್ಬರು ಯುವ ಇಂಜಿನಿಯರರನ್ನು ಕೊಂದಾಗ, ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಬಂಧಿತರಾದರು. ಅಲ್ಲಿ ದೇಶವೇ ಕಣ್ಣಿಟ್ಟು ನೋಡುತ್ತಿತ್ತು. ಬಂದಳಿಕೆಯ ರಸ್ತೆಯನ್ನು ನೋಡುವವರು ಯಾರು?

ಅದೇ ಬಂದಳಿಕೆಯಲ್ಲಿ ಒಂದು ಶಾಸನವಿದೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ತೀರಿಕೊಂಡಾಗ ಆ ಅಧಿಕಾರ ಆತನ ಹೆಂಡತಿ ಜಕ್ಕಿಯಬ್ಬೆಗೆ ಬಂದದ್ದನ್ನು, ಆಕೆ ಆಳಿದ್ದನ್ನು, ಕಡೆಗೆ ಮಗಳಿಗೆ ಒಪ್ಪಿಸಿ ವ್ರತದಿಂದ ದೇಹ ಬಿಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಆ ಕಾಲ ಸತ್ಯಯುಗವಾಗಿತ್ತೆಂದು ನಾವು ಹೇಳುವವರಲ್ಲ. ಅಂದೂ ಧಣಿ ಧಣಿಯೇ, ಒಕ್ಕಲು ಒಕ್ಕಲೇ. ಆದರೂ ಅಧಿಕಾರ ಯಾರಿಂದ ಯಾರಿಗೆ ಹೋಯಿತೆಂಬುದನ್ನು ಬಯಲಿನಲ್ಲಿ ನಿಲ್ಲಿಸಬೇಕೆಂಬಷ್ಟು ಲೋಕಲಜ್ಜೆ ಅಂದಿನವರಿಗಿತ್ತು. ಸಾವಿರದ ನೂರು ವರ್ಷ ಹಿಂದಿನ ಆ ಬರಹವನ್ನು ಇಂದೂ ಯಾರು ಬೇಕಾದರೂ ಹೋಗಿ ನೋಡಬಹುದು. ಅದೇ ಊರಿನ ದಾರಿಯಲ್ಲಿ ಮುರಿದ ಕಾಲಿನ ಕಾಗದ ನೋಡಲು ಮಾತ್ರ ‘ಪಾರ್ಟಿ’ಯಾಗಿರಬೇಕು!

ನಮ್ಮವರೇ ಕೆಲವರು ಎತ್ತುವ ಆಕ್ಷೇಪಕ್ಕೆ ಉತ್ತರ ಹೇಳಬೇಕು. “ಒಂದು ದಿನ ಕುಡಿದು ಸಿಕ್ಕಿಬಿದ್ದ ಬಡವನ ಹೆಸರನ್ನು ಬೀದಿಗೆ ಹಾಕುತ್ತೀರಾ?” ಎಂದು ಕೇಳುತ್ತಾರೆ. ಇಲ್ಲ. ಯಾರ ಹೆಸರನ್ನೂ ಗೋಡೆಗೆ ಅಂಟಿಸಬೇಕೆಂದು ನಾವು ಕೇಳುತ್ತಿಲ್ಲ. ನಮಗೆ ಬೇಕಾದದ್ದು ಲೆಕ್ಕ. ನೊಂದವರಿಗೆ ಬೇಕಾದದ್ದು ನಕಲು. ಆ ಲೆಕ್ಕದಲ್ಲಿ ನಮ್ಮ ಸಂಘದ ಸದಸ್ಯನೇ ಇದ್ದರೆ ಇರಲಿ. ಕುಡಿದು ಸ್ಟೀರಿಂಗು ಹಿಡಿದವನ ಕೈ ದುಡಿಯುವ ಕೈಯೇ ಆಗಿದ್ದರೂ ಅದರಡಿಗೆ ಸಿಕ್ಕುವವನು ಇನ್ನೊಬ್ಬ ದುಡಿಯುವವನೇ. ಕಾರ್ಮಿಕ ಬಂಧುಗಳು ಈ ಮಾತಿಗೆ ಸಿಟ್ಟಾಗಬಾರದು.

ಅತ್ತ ಸರ್ಕಾರದ ಕಡೆ ನೋಡಿ. 2023–24ರಲ್ಲಿ ಕರ್ನಾಟಕದ ಅಬಕಾರಿ ಆದಾಯ 30,000 ಕೋಟಿ ರೂಪಾಯಿಗಿಂತ ಹೆಚ್ಚು. ಸರ್ಕಾರದ ಸಂಸ್ಥೆಯಾದ ಎಂಎಸ್‌ಐಎಲ್ ತಾನೇ ಮದ್ಯದ ಅಂಗಡಿ ನಡೆಸುತ್ತದೆ. ಬಾಟಲಿಯ ಲೆಕ್ಕ ಪೈಸೆ ಪೈಸೆಗೂ ಉಂಟು. ಬಾಟಲಿ ಮುರಿದ ಕಾಲಿನ ಲೆಕ್ಕ ಕೇಳಿದರೆ ಕಾರಣ ಬರೆದುಕೊಡಿ ಎನ್ನುತ್ತಾರೆ.

ಆದುದರಿಂದ ನಮ್ಮ ಒತ್ತಾಯಗಳು ಇವು:

1. ಪ್ರತಿ ತಾಲ್ಲೂಕು ಕೋರ್ಟಿನ ಮುಂದೆ ತಿಂಗಳಿಗೊಮ್ಮೆ ಫಲಕ ಹಾಕಬೇಕು: 185ನೆಯ ಕಲಮಿನ ಕೇಸು ಎಷ್ಟು ಬಂದವು, ಎಷ್ಟು ತೀರ್ಮಾನವಾದವು, ಎಷ್ಟು ದಂಡ, ಎಷ್ಟು ಲೈಸೆನ್ಸು ರದ್ದು, ಅವುಗಳಲ್ಲಿ ಸ್ವಂತ ಕಾರು ಎಷ್ಟು, ಬಾಡಿಗೆ ವಾಹನ ಎಷ್ಟು.

2. ಗಾಯ ಅಥವಾ ಸಾವು ಆದ ಪ್ರತಿ ಅಪಘಾತದಲ್ಲೂ ಚಾಲಕನ ಉಸಿರು ಪರೀಕ್ಷೆ ಆಯಿತೇ, ಎಷ್ಟು ಗಂಟೆಗೆ, ಏನು ಬಂತು ಎಂಬುದನ್ನು ಮರುದಿನವೇ ನೊಂದವರಿಗೆ ಬರಹದಲ್ಲಿ ಕೊಡಬೇಕು.

3. ನಕಲು ಪಡೆಯುವ ಕ್ರಮ, ಶುಲ್ಕ, ಹಿಡಿಯುವ ದಿನ ಇವೆಲ್ಲ ಕೋರ್ಟಿನ ಗೋಡೆಯ ಮೇಲೆ ಕನ್ನಡದಲ್ಲಿರಬೇಕು. ಗಾಯಾಳುವಿನ ಮನೆಯವರಿಂದ ಕಾರಣ ಕೇಳಕೂಡದು.

ಒತ್ತಾಯ ಈಡೇರುವತನಕ ಕೈಕಟ್ಟಿ ಕೂಡುವುದೇ? ಬೇಡ. ಎಫ್‌ಐಆರ್ ನಕಲು ದೂರುಕೊಟ್ಟವರಿಗೂ ನೊಂದವರಿಗೂ ಪುಕ್ಕಟೆ ಸಿಗಬೇಕು. ಅಂದೇ ಕೇಳಿ ಪಡೆಯಿರಿ. ಅದನ್ನು 24 ಗಂಟೆಯೊಳಗೆ ಪೊಲೀಸ್ ತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿಯೇ ಹೇಳಿದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರು ತಿಳಿಸಬೇಕೆಂದು 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿದೆ. ಪರಿಹಾರದ ಅರ್ಜಿಗೆ 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಬಂದಿದೆ. ಅದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ಎದ್ದಿದೆಯಾದರೂ ಅದನ್ನು ನಂಬಿ ತಡಮಾಡಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾಯಿದೆಯಂತೆ ವಕೀಲರ ನೆರವು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಪೊಲೀಸರ ಮತ್ತು ಸಾರಿಗೆ ಇಲಾಖೆಯ ಲೆಕ್ಕಕ್ಕೆ ಮಾಹಿತಿ ಹಕ್ಕು ಈಗಲೂ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಮೀರದಂತೆ ಇರಲಿ.

ಅಂಗಡಿ ಇಟ್ಟುಕೊಂಡ ಮಿತ್ರರು ರಸ್ತೆಯ ಬದಿಯಲ್ಲೇ ದಿನವೆಲ್ಲ ಕೂತಿರುತ್ತಾರೆ. ಅಪಘಾತವನ್ನು ಮೊದಲು ಕಾಣುವವರು ಅವರೇ. ದಿನ, ಗಂಟೆ, ಗಾಡಿಯ ನಂಬರು, ಠಾಣೆಯ ಹೆಸರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಕಚೇರಿಗೆ ತಲುಪಿಸಿ. ನಾವೊಂದು ದಪ್ಪ ನೋಟ್‌ಬುಕ್ಕು ತಂದಿಟ್ಟಿದ್ದೇವೆ. ಅದರ ಮೊದಲ ಪುಟದಲ್ಲಿ ಆ ಹಮಾಲಿಯ ಕೇಸಿನ ಸಂಖ್ಯೆಯೂ ಮುಂದಿನ ತಾರೀಖೂ ಇವೆ. ಆ ದಿನ ಹತ್ತು ಗಂಟೆಗೆ ಆಕೆಯ ಜೊತೆಗೆ ನಾವು ಕೋರ್ಟಿನಲ್ಲಿರುತ್ತೇವೆ. ಪಾಳಿ ಇಲ್ಲದವರು ಬನ್ನಿ. ಬಹಿರಂಗ ವಿಚಾರಣೆಯೆಂದು ಕಾನೂನು ಹೇಳಿದೆಯಲ್ಲ, ಬೆಂಚು ತುಂಬಿಸೋಣ.