ಕಳ್ಳಗಾಳಿ

ಅಪ್ಪನ ಯೆಜ್ಡಿ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಹೊಗಳಿ ಬರೆಯೋ ಯೋಚನೆ ಇತ್ತು. ಈಗ ಜಗಳ ಆಡೋಕೆ ಕೂತಿದೀನಿ :-)

1984ರ ರೋಡ್‌ಕಿಂಗ್, ನಮ್ಮ ಮೈಸೂರಿನ ಐಡಿಯಲ್ ಜಾವಾದ್ದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕ್ತು. ಅಲ್ಲಿಂದ ಇನ್ನೊಂದು ಸಿಲಿಂಡರ್ ಬರೋದಿಲ್ಲ. ಈ ಮಾತು ನೆನಪಿರಲಿ.

ಕೆಲವು ತಿಂಗಳಿಂದ ಗಾಡಿ ಒಂದು ಚಾಳಿ ಕಲಿತಿತ್ತು. ಆಕ್ಸಿಲರೇಟರ್ ಬಿಟ್ರೂ ಇಂಜಿನ್ ಸದ್ದು ಇಳೀತಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಆಫ್. "ಪೆಟ್ರೋಲ್ ಸಾಲ್ತಿಲ್ಲ ಸಾರ್" ಅಂತ ಮೆಕ್ಯಾನಿಕ್ ದೊಡ್ಡ ಮೇನ್ ಜೆಟ್ ಹಾಕಿದ್ರು. ಹೊಗೆ ಜಾಸ್ತಿ ಆಯ್ತು, ಖರ್ಚು ಜಾಸ್ತಿ ಆಯ್ತು, ಚಾಳಿ ಹಾಗೇ ಉಳೀತು. ಒಂದು ಭಾನುವಾರ ಚಾಮುಂಡಿ ಬೆಟ್ಟ ಇಳೀತಿದ್ದೆ, ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಲ್ಲಿ. ತಿರುವಲ್ಲಿ ಪಿಸ್ಟನ್ ಕಚ್ಕೊಂಡು ಹಿಂದಿನ ಚಕ್ರ ಜಾಮ್! ಕೈ ತಾನಾಗೇ ಕ್ಲಚ್ ಹಿಡೀತು, ಬಚಾವಾದೆ. ಹಿಂದೆ ಮಗಳು ಕೂತಿದ್ಲು.

ಆಮೇಲೆ ನಾನೇ ಹುಡುಕಿದೆ. ಇಂಜಿನ್ ಐಡ್ಲಿಂಗಲ್ಲಿಟ್ಟು, ಕಾರ್ಬ್ಯುರೇಟರ್ ಸಿಲಿಂಡರಿಗೆ ಕೂರೋ ಜಾಗಕ್ಕೆ ತುಕ್ಕು ಬಿಡಿಸೋ ಸ್ಪ್ರೇ ಚೂರೇ ಚೂರು ಹೊಡೆದೆ (ಪ್ಲಗ್, ಸೈಲೆನ್ಸರ್ ಕಡೆ ತಾಗದ ಹಾಗೆ). ತಕ್ಷಣ ಸದ್ದು ಬದಲಾಯ್ತು. ಅಂದ್ರೆ ಅಲ್ಲಿಂದ ಗಾಳಿ ಒಳಗೆ ಹೋಗ್ತಿದೆ. ಬಿಚ್ಚಿ ಫ್ಲಾಂಜ್ ಮೇಲೆ ಸ್ಟೀಲ್ ಸ್ಕೇಲ್ ಇಟ್ರೆ ಮಧ್ಯೆ ಬೆಳಕು ಕಾಣ್ತಿತ್ತು. ವರ್ಷಗಟ್ಟಲೆ ನಟ್ ಬಿಗಿದು ಬಿಗಿದು ಬಿಲ್ಲಿನ ಹಾಗೆ ಬಗ್ಗಿತ್ತು ಪಾಪ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜಿ ಸಮ ಮಾಡಿದೆ. ಹೊಸ ಗ್ಯಾಸ್ಕೆಟ್ ಹಾಕಿ ಎರಡೂ ನಟ್ಟನ್ನ ಸ್ವಲ್ಪ ಸ್ವಲ್ಪವೇ ಬಿಗಿದೆ. ಹಳೇ ಜೆಟ್ಟೇ ವಾಪಸ್. ಚಾಳಿ ಮಾಯ.

ನನ್ನ ವಾದ ಇಷ್ಟೇ: ಲೀಕ್ ಹುಡುಕದೆ ಜೆಟ್ ಮುಟ್ಟಬಾರದು. ಮೇನ್ ಜೆಟ್ಟಿನ ಕೆಲಸ ಫುಲ್ ಥ್ರಾಟಲ್‌ನಲ್ಲಿ. ಕಳ್ಳಗಾಳಿಯ ಕಾಟ ಥ್ರಾಟಲ್ ಮುಚ್ಚಿದಾಗ, ಯಾಕಂದ್ರೆ ಆಗಲೇ ಇಂಜಿನ್ ಜೋರಾಗಿ ಎಳೆಯೋದು. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ. ಟೂ-ಸ್ಟ್ರೋಕಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಬರೋದರಿಂದ, ಪೆಟ್ರೋಲ್ ಕಮ್ಮಿಯಾದ್ರೆ ಬಿಸಿ ಏರೋದರ ಜೊತೆ ಪಿಸ್ಟನ್ನಿಗೆ ಎಣ್ಣೆಯೂ ಇಲ್ಲ. ಈಗಂತೂ ಪೆಟ್ರೋಲಲ್ಲಿ ಶೇಕಡಾ 20 ಎಥನಾಲ್. ಅದರೊಳಗೇ ಆಕ್ಸಿಜನ್ ಇರೋದರಿಂದ ಮಿಶ್ರಣ ಇನ್ನಷ್ಟು ತೆಳು. ಮೊದಲು ಹೇಗೋ ನಡೀತಿದ್ದ ಲೀಕ್ ಈಗ ನಡೆಯೋಲ್ಲ.

ಅಲ್ಲಿ ಸಿಗದಿದ್ರೆ ಕ್ರ್ಯಾಂಕ್ ಸೀಲ್ ನೋಡಿ. ಬಲಗಡೆ ಡೈನಮೋ ಪಕ್ಕದ್ದು ಹೋದ್ರೆ ಗಾಳಿ ಎಳೆಯುತ್ತೆ. ಎಡಗಡೆಯದು ಹೋದ್ರೆ ಗೇರ್‌ಬಾಕ್ಸ್ ಆಯಿಲ್ ಕುಡಿದು ಬಿಳೀ ಹೊಗೆ ಬಿಡುತ್ತೆ.

ಮೆಕ್ಯಾನಿಕ್‌ನ ಬೈಯೋಕೆ ಮನಸ್ಸಿಲ್ಲ. ಜೆಟ್ ಬದಲಾಯಿಸಿದ್ರೆ ದುಡ್ಡು ಕೊಡ್ತೀವಿ. ಅರ್ಧ ದಿನ ಹುಡುಕಿ ಒಂದು ಗ್ಯಾಸ್ಕೆಟ್ ಹಾಕಿದ್ರೆ "ಇಷ್ಟಕ್ಕೆ ಇಷ್ಟಾ?" ಅಂತೀವಿ. ನಾನೂ ಅಂದವನೇ. ಆ ಚೌಕಾಸಿಗೆ ಅಪ್ಪನ ಸಿಲಿಂಡರ್ ಒಂದು ಸೈಜ್ ಬೋರ್ ಕಳ್ಕೊಂಡಿತು. ಇನ್ನು ಒಂದೆರಡು ಸಲ, ಅಷ್ಟೇ.

ಹುಡುಕೋ ಶ್ರಮಕ್ಕೂ ಕೂಲಿ ಕೊಡೋಣ. ನೀವೇನಂತೀರಾ?