ಗಾಜಿನ ತೊಟ್ಟಿಯಲ್ಲಿ ಸಂರಕ್ಷಣೆಯೇ?

ಮೆಕ್ಸಿಕೋ ದೇಶದ ತಂಪು ಸರೋವರಗಳ ಉಭಯಚರಿಯೊಂದು ಈಗ ನಮ್ಮ ನಾಡಿನ ಮಹಾನಗರಗಳ ಮನೆಗಳಲ್ಲಿ ಗಾಜಿನ ತೊಟ್ಟಿ ಸೇರಿದೆ. ಕಿವಿರುಗಳನ್ನು ಗರಿಯಂತೆ ಹೊರಚಾಚಿ, ಸದಾ ನಗುವಂತೆ ಕಾಣುವ ಇದರ ಹೆಸರು ಆಕ್ಸೊಲಾಟಲ್. ಮೊಬೈಲ್ ಚಿತ್ರಗಳ ಮೂಲಕ ಇದರ ಮೋಹ ಕುದೇರಿನಂತಹ ಊರುಗಳ ವಿದ್ಯಾರ್ಥಿಗಳನ್ನೂ ಮುಟ್ಟುತ್ತಿದೆ. ಅಳಿವಿನಂಚಿನ ಜೀವಿಯನ್ನು ಸಾಕುವುದೂ ಸಂರಕ್ಷಣೆಯೇ ಎಂಬ ವಾದ ಅದರ ಬೆನ್ನಿಗಿದೆ. ಈ ವಾದವನ್ನು ಪರೀಕ್ಷಿಸದೆ ಒಪ್ಪಲಾಗದು.

ಮೊದಲು ನೀರಿನ ಮಾತು. ಈ ಜೀವಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನ ತಂಪು ಬೇಕು. 24 ಡಿಗ್ರಿ ಮೀರಿದ ನೀರಿನಲ್ಲಿ ಕೆಲವು ದಿನ ಕಳೆದರೆ ಅದು ಆಹಾರ ಬಿಡುತ್ತದೆ, ಬೂಷ್ಟಿನ ಸೋಂಕಿಗೆ ಈಡಾಗುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ ಚಾಮರಾಜನಗರದ ಬಯಲಿನಲ್ಲಿ, ಹಗಲಿರುಳು ಓಡುವ ಶೀತಕಯಂತ್ರವಿಲ್ಲದೆ ಇದು ಬದುಕೀತೇ? ಕರೆಂಟು ಕೈಕೊಟ್ಟರೆ ಹಾಲು ಕೆಡುವುದೆಂದು ಕುದೇರಿನ ಹೈನುಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಲು ಕೆಟ್ಟರೆ ನಷ್ಟ. ಜೀವಿ ಬೆಂದರೆ ಹಿಂಸೆ.

ಹೊಲದ ಮಣ್ಣಿನಲ್ಲಿ ಗೊಬ್ಬರದ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವಂತಹ ಸೂಕ್ಷ್ಮಾಣುಗಳು ತೊಟ್ಟಿಯ ಶೋಧಕದಲ್ಲಿಯೂ ನೆಲೆಗೊಳ್ಳಬೇಕು. ಅದಕ್ಕೆ ನಾಲ್ಕಾರು ವಾರ ಬೇಕು. ಅದಕ್ಕೂ ಮೊದಲೇ ತಂದುಬಿಟ್ಟ ಜೀವಿ ತನ್ನದೇ ಕಲ್ಮಶದ ಅಮೋನಿಯಾದಲ್ಲಿ ಬೇಯುತ್ತದೆ. ನಲ್ಲಿನೀರಿನ ಕ್ಲೋರಿನ್ ಅದರ ಚರ್ಮಕ್ಕೂ ಕಿವಿರಿಗೂ ವಿಷ. ಸಣ್ಣ ಹರಳುಗಳನ್ನು ನುಂಗಿದರೆ ಕರುಳು ಕಟ್ಟುತ್ತದೆ. ಜೊತೆಗೆ ಬಿಟ್ಟ ಮೀನು ಕಿವಿರನ್ನೇ ಕಚ್ಚುತ್ತದೆ. ಇಷ್ಟೆಲ್ಲ ಜಾಗ್ರತೆಯನ್ನು ಹತ್ತು ವರ್ಷಕ್ಕೂ ಮಿಗಿಲಾಗಿ ನಡೆಸಬೇಕು. ಮಾರುವ ಮುನ್ನ ಇದನ್ನು ಹೇಳುವವರೆಷ್ಟು ಮಂದಿ?

ಇನ್ನು ಸಂರಕ್ಷಣೆ. ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಗಳಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟಲ್‌ಗಳಿದ್ದವು; 2014ರ ಹೊತ್ತಿಗೆ ಉಳಿದದ್ದು ಸುಮಾರು 35. ಇದೇ ಅವಧಿಯಲ್ಲಿ ಲೋಕದ ತೊಟ್ಟಿಗಳಲ್ಲಿ ಅವು ಹೇರಳವಾಗಿದ್ದವು. ಆ ಹೇರಳತೆ ಕಾಲುವೆಯನ್ನು ಉಳಿಸಲಿಲ್ಲ. ಅಲ್ಲಿ ಕೊಳೆನೀರು ಸೇರಿತು. ಮೀನುಗಾರಿಕೆಗೆಂದು ತಂದುಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಮೊಟ್ಟೆಮರಿಗಳನ್ನು ತಿಂದವು. ಅದೇ ತಿಲಾಪಿಯಾ, ನಮ್ಮ ಜನರ ಬಾಯಲ್ಲಿ ಜಿಲೇಬಿ ಮೀನು, 1952ರಲ್ಲಿ ಭಾರತಕ್ಕೆ ಬಂದು ಕಾವೇರಿ ಕೊಳ್ಳದ ಕೆರೆಗಳಲ್ಲಿಯೂ ಬೇರೂರಿದೆ. ಸೊಚಿಮಿಲ್ಕೊದಲ್ಲಿ ಆಸೆ ಹುಟ್ಟಿಸಿರುವವರು ಚಿನಾಂಪ ಎಂಬ ಸಾಂಪ್ರದಾಯಿಕ ಕೃಷಿಭೂಮಿಯ ರೈತರು. ವಿಜ್ಞಾನಿಗಳೊಡನೆ ಕೈಜೋಡಿಸಿ, ಕಾಲುವೆಗಳಿಗೆ ತಡೆ ಹಾಕಿ, ಪರಕೀಯ ಮೀನುಗಳು ನುಸುಳದ ಆಶ್ರಯತಾಣಗಳನ್ನು ಅವರು ಕಟ್ಟುತ್ತಿದ್ದಾರೆ.

ಕಾನೂನನ್ನೂ ಅರಿಯಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಈ ಜೀವಿಯನ್ನು ಇಟ್ಟುಕೊಂಡವರು ಸರ್ಕಾರಕ್ಕೆ ವರದಿ ಸಲ್ಲಿಸಿ ನೋಂದಾಯಿಸಬೇಕು. ಈಗಾಗಲೇ ಸಾಕಿರುವವರು ತಂಪು, ಶುದ್ಧ ನೀರು, ಎರೆಹುಳುವಿನ ಆಹಾರ ನೀಡಿ ಅದನ್ನು ಕಡೆಯವರೆಗೂ ಸಲಹಲಿ. ಬೇಸರವಾಯಿತೆಂದು ಸುವರ್ಣಾವತಿಗೋ ಊರ ಕೆರೆಗೋ ಸುರಿಯುವುದು ಸಲ್ಲದು. ನಮ್ಮ ಬಿಸಿಲಿಗೆ ಅದು ಸತ್ತರೂ, ಅದು ಹೊತ್ತು ತಂದಿರಬಹುದಾದ ಚರ್ಮದ ಶಿಲೀಂಧ್ರರೋಗ ಇಲ್ಲಿಯ ಕಪ್ಪೆಗಳಿಗೆ ತಗುಲೀತು.

ಉಭಯಚರಿಗಳ ಮೇಲೆ ನಿಜವಾದ ಪ್ರೀತಿಯಿದ್ದವರು ಮೊದಲ ಮಳೆಯ ರಾತ್ರಿ ಕೆರೆಯಂಚಿಗೆ ಹೋಗಲಿ. ಎಷ್ಟು ಬಗೆಯ ಕಪ್ಪೆಗಳು ಕೂಗುತ್ತವೆಂದು ಬರೆದಿಡಲಿ. ಮುಂದಿನ ವರ್ಷ ಒಂದು ದನಿ ಕಡಿಮೆಯಾದರೆ, ಕೆರೆಗೆ ಏನು ಹರಿದುಬಂದಿದೆಯೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಲಿ.