ಹಡಗಿನಿಂದಿಳಿದು ಬೆಟ್ಟಕ್ಕೆ: ಹನ್ನೆರಡು ಮಂದಿಯ ವ್ಯಾನಿನ ಪರವಾಗಿ

ವಿಹಾರನೌಕೆಯಲ್ಲಿ ಪ್ರವಾಸ ಹೋದವರು ಬಂದರಿನಲ್ಲಿ ಇಳಿದು ಬೆಟ್ಟ ನೋಡಲು ಹೊರಟರೆ, ಹತ್ತು ಹನ್ನೆರಡು ಮಂದಿ ಕುಳಿತುಕೊಳ್ಳುವ ಸಣ್ಣ ವಾಹನದಲ್ಲಿಯೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಇದು ಕೇವಲ ಸೌಕರ್ಯದ ಮಾತಲ್ಲ. ನೋಡುವುದಕ್ಕೂ ನೋಡಿ ಬಂದೆವೆಂದು ಹೇಳಿಕೊಳ್ಳುವುದಕ್ಕೂ ಇರುವ ವ್ಯತ್ಯಾಸದ ಮಾತು. ನಮ್ಮ ಬಂಧುಗಳಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅನೇಕರು ಈಗ ಅಮೆರಿಕೆಯಲ್ಲಿ ನೆಲೆಸಿದ್ದಾರೆ. ಬೇಸಿಗೆಗೆ ಬರುವ ತಂದೆತಾಯಿಯರನ್ನು ಸಿಯಾಟಲ್‌ನಿಂದ ಅಲಾಸ್ಕಾ ಹಡಗಿಗೆ ಹತ್ತಿಸುವುದು ಒಂದು ವಾಡಿಕೆಯೇ ಆಗಿಬಿಟ್ಟಿದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಾವು ಹೋದದ್ದು 2024ರ ಜೂನ್ ತಿಂಗಳಿನಲ್ಲಿ. ಮಗಳು, ಅಳಿಯ, ನಮ್ಮ ಯಜಮಾನರು ಮತ್ತು ನಾನು. ಹಡಗು ತಂಗಿದ ಊರುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಸ್ಕಾಗ್ವೇ. ಲಿನ್ ಕೆನಾಲ್ ಎಂಬ ಹೆಸರಿದ್ದರೂ ಅದು ಯಾರೂ ತೋಡಿದ ಕಾಲುವೆಯಲ್ಲ, ಹಿಮನದಿ ಕೊರೆದ ಆಳವಾದ ಕಡಲತೋಳು. ಅದರ ಉತ್ತರದ ತುದಿಯಲ್ಲಿ, ಎರಡು ಬೆಟ್ಟಸಾಲುಗಳ ನಡುವೆ ಸಿಕ್ಕಿಕೊಂಡಂತೆ ಈ ಪುಟ್ಟ ಊರಿದೆ. ಖಾಯಂ ನಿವಾಸಿಗಳು ಸಾವಿರದ ಆಸುಪಾಸು. ಒಂದೇ ಶಾಲೆ. ಆದರೆ 2023ರಲ್ಲಿ ಅಲ್ಲಿಗೆ ಹಡಗುಗಳಲ್ಲಿ ಬಂದವರು ಹತ್ತು ಲಕ್ಷಕ್ಕೂ ಹೆಚ್ಚು, ಅದೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಕೆಲವೇ ತಿಂಗಳುಗಳಲ್ಲಿ. ಬಂದರಿನ ಪಕ್ಕದ ಬಂಡೆಯ ಮೇಲೆ ಹಡಗಿನ ಸಿಬ್ಬಂದಿ ತಮ್ಮ ಹಡಗುಗಳ ಹೆಸರನ್ನು ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಕೋಟೆಯ ಗೋಡೆಗಳ ಮೇಲೆ ಹೆಸರು ಕೆತ್ತುವವರನ್ನು ಬೈಯುತ್ತೇವೆ. ಅಲ್ಲಿ ಅದೇ ಒಂದು ನೋಡತಕ್ಕ ವಸ್ತುವಾಗಿದೆ.

ಈ ಊರಿನಿಂದ ವೈಟ್ ಪಾಸ್ ಎಂಬ ಕಣಿವೆಹಾದಿಗೆ ಏರಲು ಎರಡು ದಾರಿಗಳಿವೆ. ಒಂದು, 1898ರಲ್ಲಿ ಆರಂಭವಾಗಿ 1900ರ ಜುಲೈನಲ್ಲಿ ಪೂರ್ಣಗೊಂಡ ಮೂರಡಿ ಅಗಲದ ಕಿರುಹಳಿಯ ರೈಲು. ಇನ್ನೊಂದು, ಕಣಿವೆಯ ಎದುರು ಮಗ್ಗುಲಿನಲ್ಲಿ ಹೋಗುವ ಕ್ಲೊಂಡೈಕ್ ಹೆದ್ದಾರಿ. ಸಮುದ್ರಮಟ್ಟದಿಂದ ಹೊರಟ ಹೆದ್ದಾರಿ ಸುಮಾರು 23 ಕಿಲೋಮೀಟರಿನೊಳಗೆ ಸಾವಿರ ಮೀಟರ್ ಎತ್ತರಕ್ಕೆ ಏರುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬಲ್ಲವರಿಗೆ ಏರುವಿಕೆ ಹೊಸದಲ್ಲ. ಹೊಸದೆಂದರೆ ಗಿಡಮರಗಳು ಕಣ್ಣೆದುರಿಗೇ ಕುಗ್ಗುತ್ತಾ ಹೋಗುವ ಬಗೆ. ಕೆಳಗೆ ಆಳೆತ್ತರವನ್ನು ಎಷ್ಟೋ ಮೀರಿದ ದೇವದಾರು ಜಾತಿಯ ಮರಗಳು, ಮೇಲೆ ಅದೇ ಜಾತಿಗಳು ಗಾಳಿಯ ಹೊಡೆತಕ್ಕೆ ಮೊಣಕಾಲೆತ್ತರಕ್ಕೆ ಮುದುಡಿಕೊಂಡು ಬಂಡೆಗೆ ಅಂಟಿರುತ್ತವೆ. ಸಸ್ಯವಲಯಗಳ ಪಾಠವನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿದವಳಿಗೆ ಅದು ಒಂದು ಗಂಟೆಯೊಳಗೆ ಕಿಟಕಿಯ ಹೊರಗೆ ನಡೆದುಹೋಯಿತು.

ರೈಲಿನಲ್ಲಿ ಹೋಗೋಣವೆಂದು ಮಗಳ ಹಟ. "ಅಮ್ಮಾ, ಎಲ್ಲರೂ ರೈಲಿನಲ್ಲೇ ಹೋಗ್ತಾರೆ, ಅದೇ ಫೇಮಸ್ಸು" ಎಂದಳು. ರೈಲನ್ನು ನಾನು ಹೀನಾಯವಾಗಿ ಕಾಣುವುದಿಲ್ಲ. ನೂರಕ್ಕೆ ಸುಮಾರು ನಾಲ್ಕರ ಏರಿನಲ್ಲಿ, ಆ ಚಳಿಯಲ್ಲಿ, ಕರಿಗಲ್ಲಿನ ಬೆಟ್ಟವನ್ನು ಸಿಡಿಮದ್ದಿಟ್ಟು ಒಡೆದು ಹಳಿ ಹಾಸಿದವರ ಸಾಹಸ ಸಾಮಾನ್ಯದ್ದಲ್ಲ. ಹಳಿಯ ಬದಿಯಲ್ಲಿ ಒಂದು ಕಪ್ಪು ಶಿಲುಬೆಯಿದೆ. 1898ರ ಆಗಸ್ಟ್‌ನಲ್ಲಿ ಉರುಳಿದ ದೊಡ್ಡ ಬಂಡೆಯ ಕೆಳಗೆ ಸಿಕ್ಕಿ ಸತ್ತ ಇಬ್ಬರು ಕೆಲಸಗಾರರ ಗುರುತು ಅದು. ಗಣಿಗಳು ಮುಚ್ಚಿದ್ದರಿಂದ 1982ರಲ್ಲಿ ನಿಂತುಹೋದ ಆ ರೈಲು 1988ರಿಂದ ಪ್ರವಾಸಿಗಳಿಗಾಗಿಯೇ ಓಡುತ್ತಿದೆ. ಆದರೆ ಅದರಲ್ಲಿ ನೂರಾರು ಜನ, ಧ್ವನಿವರ್ಧಕದಲ್ಲಿ ವಿವರಣೆ, ನಿಲ್ಲಿಸೆಂದರೆ ನಿಲ್ಲದ ಗಾಡಿ. ನಮ್ಮ ಯಜಮಾನರಿಗೆ ಐದಾರು ವರ್ಷಗಳಿಂದ ಕಿವಿ ಮಂದ. ಧ್ವನಿವರ್ಧಕದ ಮಾತು ಅವರಿಗೆ ಗದ್ದಲವಾಗಿ ಕೇಳುತ್ತದೆಯೇ ಹೊರತು ಮಾತಾಗಿ ಕೇಳುವುದಿಲ್ಲ. ಮದುವೆಮನೆಗಳಲ್ಲಿ ಅವರು ನಗುತ್ತಾ ತಲೆಯಾಡಿಸುತ್ತಾ ಕುಳಿತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅರ್ಧಕ್ಕರ್ಧ ಸಂದರ್ಭಗಳಲ್ಲಿ ಅವರಿಗೆ ಏನೂ ಕೇಳಿಸಿರುವುದಿಲ್ಲ. ಅಷ್ಟು ದೂರ ಹೋಗಿ ಅಲ್ಲಿಯೂ ಅವರು ಹಾಗೆ ತಲೆಯಾಡಿಸುತ್ತಾ ಕೂರುವುದು ನನಗೆ ಬೇಕಿರಲಿಲ್ಲ. ಕೊನೆಗೆ ಊರಿನವರೇ ನಡೆಸುವ ಹನ್ನೆರಡು ಆಸನಗಳ ವ್ಯಾನನ್ನು ಗೊತ್ತುಮಾಡಿದೆವು. ಖರ್ಚು ರೈಲಿನ ಸುಮಾರು ಅರ್ಧ.

ಚಾಲಕಿಯೂ ಮಾರ್ಗದರ್ಶಿಯೂ ಒಬ್ಬಳೇ ಮಹಿಳೆ. ಐವತ್ತು ದಾಟಿದವಳು, ಚಳಿಗಾಲದಲ್ಲಿಯೂ ಊರು ಬಿಡದ ಕೆಲವರಲ್ಲಿ ಒಬ್ಬಳು. ಯಜಮಾನರು ಮುಂದಿನ ಆಸನದಲ್ಲಿ ಅವಳ ಪಕ್ಕದಲ್ಲೇ ಕುಳಿತರು. ಎರಡೂವರೆ ಗಂಟೆಯಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ನಾನು ಲೆಕ್ಕವಿಡಲಿಲ್ಲ. ಅವಳು ಒಂದಕ್ಕೂ ಬೇಸರಿಸಲಿಲ್ಲ. ಅವರ ಕಡೆಗೆ ಮುಖ ತಿರುಗಿಸಿ ಉತ್ತರಿಸಲೆಂದೇ ಎರಡು ಕಡೆ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದಳು.

ಬಿ.ಎಡ್. ಓದಿದವರಿಗೆಲ್ಲ ಸೂಕ್ಷ್ಮಬೋಧನೆಯ ನೆನಪಿರಬೇಕು. ಐದರಿಂದ ಹತ್ತು ಮಂದಿಯ ಮುಂದೆ ಐದಾರು ನಿಮಿಷದ ಪಾಠ. ಅದನ್ನು ಕಲಿಸಿಕೊಟ್ಟು, ಎಪ್ಪತ್ತು ಮಕ್ಕಳ ತರಗತಿಗೆ ನಮ್ಮನ್ನು ಕಳುಹಿಸುತ್ತಿದ್ದರು! ಎಪ್ಪತ್ತರ ತರಗತಿಯಲ್ಲಿ ಪಾಠ ನಡೆಯುವುದಿಲ್ಲವೆಂದಲ್ಲ, ನಡೆಯುತ್ತದೆ. ಆದರೆ ಪ್ರಶ್ನೆ ಕೇಳುವವರು ಯಾವಾಗಲೂ ಮುಂದಿನ ಬೆಂಚಿನ ಅದೇ ನಾಲ್ವರು. ಹಿಂದಿನ ಬೆಂಚಿನವರು ಗಂಟೆ ಬಾರಿಸುವುದನ್ನು ಕಾಯುತ್ತಾರೆ. (ಯಾರು ಯಾರೆಂದು ನಾನು ಹೇಳಬೇಕಿಲ್ಲ, ಓದುತ್ತಿರುವವರಿಗೇ ಗೊತ್ತು.) ದೊಡ್ಡ ಬಸ್ಸಿನ ಪ್ರವಾಸವೆಂದರೆ ಎಪ್ಪತ್ತರ ತರಗತಿ. ಹನ್ನೆರಡು ಮಂದಿ ಇರುವಲ್ಲಿ ಹಿಂದಿನ ಬೆಂಚೇ ಇರುವುದಿಲ್ಲ.

ಆ ವ್ಯಾನಿನಲ್ಲಿ ನಮಗೆ ದೊರೆತ ಒಂದು ಸಂಗತಿಯನ್ನು ಹೇಳುತ್ತೇನೆ. ವೈಟ್ ಪಾಸ್ ಎಂಬ ಹೆಸರು ಹಿಮದ ಬಿಳುಪಿನಿಂದ ಬಂದಿರಬೇಕೆಂದೇ ನಾವೆಲ್ಲ ಭಾವಿಸಿದ್ದೆವು. ಯಜಮಾನರು ಕೇಳಿಯೇಬಿಟ್ಟರು. ಅಲ್ಲವಂತೆ. 1887ರಲ್ಲಿ ಕೆನಡಾ ಸರ್ಕಾರದ ಪರವಾಗಿ ಭೂಮಾಪನೆಗೆ ಬಂದಿದ್ದ ವಿಲಿಯಂ ಒಗಿಲ್ವಿ, ತನ್ನ ಸರ್ಕಾರದ ಸಚಿವ ಥಾಮಸ್ ವೈಟ್ ಅವರ ಹೆಸರನ್ನು ಈ ಹಾದಿಗೆ ಇಟ್ಟನು. ಆ ಹಾದಿಯನ್ನು ಅಂದು ನಡೆದು ನೋಡಿದವರು ಕ್ಯಾಪ್ಟನ್ ವಿಲಿಯಂ ಮೂರ್ ಮತ್ತು ಟ್ಯಾಗಿಶ್ ಜನಾಂಗದ ಕೀಶ್. ಬಿಳಿಯರು ಕರೆಯುತ್ತಿದ್ದ ಹೆಸರು ಸ್ಕೂಕಮ್ ಜಿಮ್. ಒಂಬತ್ತು ವರ್ಷಗಳ ನಂತರ, 1896ರ ಆಗಸ್ಟ್‌ನಲ್ಲಿ, ಕ್ಲೊಂಡೈಕ್ ಪ್ರದೇಶದ ಹಳ್ಳವೊಂದರಲ್ಲಿ ಚಿನ್ನ ಕಂಡ ಪುಟ್ಟ ಗುಂಪಿನಲ್ಲಿಯೂ ಇದೇ ಕೀಶ್ ಇದ್ದನು. ಹಾದಿ ತೋರಿಸಿದವನೊಬ್ಬ, ಹೆಸರು ದೂರದ ಒಟ್ಟಾವದಲ್ಲಿದ್ದ ಮತ್ತೊಬ್ಬನದು. ನಾನು ಸಮಾಜವಿಜ್ಞಾನದ ಉಪಾಧ್ಯಾಯಿನಿ. ಇಂಥ ಒಂದು ಸಂಗತಿ ಸಿಕ್ಕರೆ ನಲವತ್ತು ನಿಮಿಷದ ಪೂರಾ ಪೀರಿಯಡ್ಡನ್ನು ಅದರ ಮೇಲೆಯೇ ಕಟ್ಟಬಲ್ಲೆ.

ಚಿನ್ನದ ಸುದ್ದಿ ಹಬ್ಬಿದ ಮೇಲಿನ ಕಥೆ ಬಹಳ ಮಂದಿಗೆ ತಿಳಿದದ್ದೇ. ಹೊರಟವರು ಸುಮಾರು ಒಂದು ಲಕ್ಷ. ಡಾಸನ್ ತಲುಪಿದವರು ಮೂವತ್ತು ನಲವತ್ತು ಸಾವಿರ. ಹಸಿವಿನಿಂದ ಸಾಯಬಾರದೆಂದು ಕೆನಡಾದ ಪೊಲೀಸರು ಪ್ರತಿಯೊಬ್ಬನೂ ಒಂದು ವರ್ಷದ ಆಹಾರ ತಂದಿರಬೇಕೆಂದು ವಿಧಿಸಿದರು. ಸಾಮಾನು ಸರಂಜಾಮು ಸೇರಿ ತಲೆಗೆ ಒಂದು ಟನ್ನಿನಷ್ಟು. ಅದನ್ನು ಒಂದೇ ಸಲ ಹೊರಲಾಗದೆ ಅದೇ ಏರನ್ನು ಹತ್ತಾರು ಸಲ ಹತ್ತಿ ಇಳಿದರು. ವೈಟ್ ಪಾಸ್ ಹಾದಿಯಲ್ಲಿ ಹೊರೆ ಹೊತ್ತ ಕುದುರೆಗಳಲ್ಲಿ ಸುಮಾರು ಮೂರು ಸಾವಿರ ಅಲ್ಲಿಯೇ ಸತ್ತವು. ಚಾಲಕಿ ಎದುರು ಮಗ್ಗುಲಿನ ಕಮರಿಯನ್ನು ತೋರಿಸಿ ಇಷ್ಟನ್ನು ಹೇಳಿ ಸುಮ್ಮನಾದಳು. ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ನೋಡುತ್ತಾ ಬೆಳೆದವಳು ನಾನು. ಚಿನ್ನ ಹೋದ ಮೇಲೆ ಊರಿನಲ್ಲಿ ಉಳಿಯುವುದೇನೆಂಬುದು ನನಗೆ ಪುಸ್ತಕದ ವಿಷಯವಲ್ಲ. ಸ್ಕಾಗ್ವೇಯಲ್ಲಿ ಚಿನ್ನದ ಜಾಗಕ್ಕೆ ಹಡಗು ಬಂದಿದೆ, ಅಷ್ಟೆ. ಮುಖ್ಯಬೀದಿಯ ಆಭರಣದಂಗಡಿಯೊಂದರಲ್ಲಿ ನಮ್ಮನ್ನು ಹಿಂದಿಯಲ್ಲಿ ಮಾತನಾಡಿಸಿ ಒಳಗೆ ಕರೆದ ಹುಡುಗ ಬೇಸಿಗೆ ಮುಗಿದೊಡನೆ ಅಂಗಡಿ ಮುಚ್ಚಿ ಹೊರಟುಬಿಡುತ್ತಾನಂತೆ. ವ್ಯಾನಿನವಳು ಹಾಗಲ್ಲ. ಅವಳಿಗೆ ಕೊಟ್ಟ ಹಣ ಆ ಊರಿನ ಚಳಿಗಾಲಕ್ಕೆ ಒದಗುತ್ತದೆ. ಸಣ್ಣ ವ್ಯಾನನ್ನು ಆರಿಸಿಕೊಳ್ಳಲು ಇದು ನನ್ನ ಎರಡನೆಯ ಕಾರಣ. ಒಂದು ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ದೊಡ್ಡದು.

ಅಳಿಯನು ಎತ್ತಿದ ಆಕ್ಷೇಪಣೆಗೆ ಉತ್ತರ ಹೇಳದಿದ್ದರೆ ಅನ್ಯಾಯವಾದೀತು. "ಅತ್ತೆ, ಎಲ್ಲರೂ ನಿಮ್ಮ ಹಾಗೆ ಹನ್ನೆರಡು ಹನ್ನೆರಡು ಮಂದಿಯ ವ್ಯಾನ್ ಹತ್ತಿದರೆ, ದಿನಕ್ಕೆ ಹನ್ನೆರಡು ಸಾವಿರ ಜನಕ್ಕೆ ಸಾವಿರ ವ್ಯಾನು ಬೇಕಲ್ಲ, ಆ ಒಂದು ರಸ್ತೆ ತಡೆಯುತ್ತದೆಯೆ?" ಎಂದನು. ಲೆಕ್ಕ ಸರಿಯೇ. ತಡೆಯುವುದಿಲ್ಲ. ಆದರೆ ಈ ಲೆಕ್ಕದಿಂದ ಹೊರಡುವ ತೀರ್ಮಾನ ದೊಡ್ಡ ಬಸ್ಸು ಬೇಕೆಂಬುದಲ್ಲ, ದಿನಕ್ಕೆ ಹನ್ನೆರಡು ಸಾವಿರ ಜನ ಬೇಡವೆಂಬುದು. ಅದೇ ಸಾಲಿನ ಜೂನೋ ನಗರದ ಜನಸಂಖ್ಯೆ ಮೂವತ್ತೆರಡು ಸಾವಿರದಷ್ಟು. ಅವರು ಹಡಗು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳೆಂದು ಮಿತಿ ಹಾಕಿದರು. 2026ರಿಂದ ಪ್ರಯಾಣಿಕರ ಹಾಸಿಗೆಗಳ ಲೆಕ್ಕದಲ್ಲಿಯೇ ದಿನಕ್ಕೆ 16,000, ಶನಿವಾರ 12,000 ಎಂದು ಒಪ್ಪಿಕೊಂಡರು. ನನ್ನ ಕಣ್ಣಿಗೆ ಇದೂ ಹೆಚ್ಚೇ. ಆದರೂ ಮಿತಿಯೆಂಬ ಮಾತನ್ನು ಆಡುವ ಧೈರ್ಯವಾದರೂ ಬಂತಲ್ಲ! ನಮ್ಮ ಮುಳ್ಳಯ್ಯನಗಿರಿಯ ದಾರಿಯಲ್ಲಿ ವಾಹನಗಳಿಗೆ ಮುಂಗಡ ನೋಂದಣಿಯೂ ದಿನದ ಮಿತಿಯೂ ಬಂದದ್ದು 2025ರಲ್ಲಿ. ವಾರಾಂತ್ಯದಲ್ಲಿ ಅಲ್ಲಿ ಕಾರಿನೊಳಗೆ ಗಂಟೆಗಟ್ಟಲೆ ಕುಳಿತು ಮುಂದಿನ ಕಾರಿನ ಹಿಂಭಾಗವನ್ನೇ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹಡಗುಗಳು ಬೇಡವೇ ಬೇಡವೆಂದು ನಾನು ಹೇಳುತ್ತಿಲ್ಲ. ಕೊರೋನಾದಿಂದಾಗಿ 2020ರಲ್ಲಿ ಅಲಾಸ್ಕಾಕ್ಕೆ ದೊಡ್ಡ ಹಡಗುಗಳು ಒಂದೂ ಬರಲಿಲ್ಲ. ಆಗ ಸ್ಕಾಗ್ವೇಯ ಆಡಳಿತ ಕೇಂದ್ರದ ಪರಿಹಾರ ನಿಧಿಯಿಂದ ನಿವಾಸಿಗಳಿಗೆ ತಿಂಗಳಿಗೆ ಸಾವಿರ ಡಾಲರ್ ಹಂಚಿ ಊರನ್ನು ಉಳಿಸಿಕೊಳ್ಳಬೇಕಾಯಿತು. ಅದನ್ನು ಅನುಭವಿಸಿದವರಿಗೆ ಹಡಗಿನ ಸಿಳ್ಳು ಕೇಳಿದರೆ ಜೀವ ಬಂದಂತಾಗುವುದು ಸಹಜ. ಮಿತಿಯ ಪರವಾಗಿರುವ ನಮ್ಮಂಥ ಅತಿಥಿಗಳು ಈ ಮಾತನ್ನು ಮರೆಯಬಾರದು.

ಇನ್ನು ಹೋಗುವವರಿಗೆ ನಾಲ್ಕು ಮಾತು. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ; ನೀವೇ ಗೊತ್ತುಮಾಡಿಕೊಂಡದ್ದು ತಡವಾದರೆ ಕಾಯುವುದಿಲ್ಲ. ಮಗಳಿಗೆ ಇದೇ ದೊಡ್ಡ ಭಯವಿತ್ತು. ಅದಕ್ಕೆ ಉಪಾಯ ಸರಳ: ಬೆಳಗಿನ ವ್ಯಾನನ್ನೇ ಹಿಡಿಯಿರಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರ ಯಾವುದನ್ನು ತೋರಿಸುತ್ತಿದೆಯೆಂದು ಇಳಿಯುವ ಮುಂಚೆ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವ ಹಿರಿಯರಿಗೆ ಕೆನಡಾದ ವೀಸಾ ಮುಂಚಿತವಾಗಿಯೇ ಮಾಡಿಸಿರಿ. 1886ರ ಒಂದು ಅಮೆರಿಕನ್ ಕಾಯಿದೆಯ ದೆಸೆಯಿಂದ, ವಿದೇಶೀ ಧ್ವಜದ ಹಡಗು ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ವಿದೇಶೀ ಬಂದರೊಂದನ್ನು ಮುಟ್ಟಲೇಬೇಕು. ಸಾಮಾನ್ಯವಾಗಿ ಅದು ಕೆನಡಾದ ವಿಕ್ಟೋರಿಯಾ. ಬೆಟ್ಟದ ತುದಿಯಿಂದಲೇ ಹಿಂದಿರುಗುವ ವ್ಯಾನಾದರೆ ಕೆನಡಾದ ಸುಂಕದ ಕಟ್ಟೆಯವರೆಗೆ ಹೋಗುವುದಿಲ್ಲ. ಯೂಕಾನ್‌ನ ಕಾರ್‌ಕ್ರಾಸ್‌ವರೆಗೆ ಹೋಗುವುದಾದರೆ ಆ ಕಟ್ಟೆಯನ್ನು ದಾಟಬೇಕು, ಅಮೆರಿಕದ ವೀಸಾ ಕೂಡ ಮರುಪ್ರವೇಶಕ್ಕೆ ಅವಕಾಶವಿರುವಂಥದ್ದಾಗಿರಬೇಕು. ಜೂನ್ ಆದರೂ ಮೇಲೆ ಗಾಳಿ ಚುಚ್ಚುತ್ತದೆ, ಶಾಲು ಸಾಲದು, ಕಿವಿ ಮುಚ್ಚುವ ಟೋಪಿ ಇರಲಿ. ದಾರಿಯಲ್ಲಿ ಶೌಚಾಲಯದ ಅನುಕೂಲ ಕಡಿಮೆ, ಹಡಗಿನಲ್ಲಿಯೇ ಮುಗಿಸಿ ಇಳಿಯಿರಿ. ವಯಸ್ಸಾದವರಿಗೆ ಇದಕ್ಕಿಂತ ಮುಖ್ಯವಾದ ಸೂಚನೆ ಇಲ್ಲ. ಮತ್ತೆ, ಏರುವಾಗ ಬಲಬದಿಯ ಕಿಟಕಿಯನ್ನು ಹಿಡಿಯಿರಿ. ಕಣಿವೆ, ಎದುರು ಬೆಟ್ಟದ ಜಲಪಾತ, ಅದರ ನಡುವಿನಲ್ಲಿ ಕಂಬಳಿಹುಳದಂತೆ ಹತ್ತುವ ರೈಲು, ಎಲ್ಲವೂ ಆ ಬದಿಗೇ ಕಾಣುತ್ತವೆ.